28 ಬ್ಯಾಟರಿ ಇಳಿಸಿ 6,800 ಸೆಲ್ ತುಂಬಿದ ಕಾರು

ಹೋದ ವಾರ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಅವರ ಎಲೆಕ್ಟ್ರಿಕ್ ಸ್ಕೂಟರ್‌ನ ವಾರಂಟಿ ಮುಗಿದು ನಾಲ್ಕು ತಿಂಗಳಾಗಿದೆ, ಬ್ಯಾಟರಿ ಕೈಕೊಟ್ಟಿದೆ. ಗಾಡಿ ಮಾತ್ರ ಹೊಸದರ ಹಾಗೇ ಇದೆ, ಒಂದು ಗೀರೂ ಇಲ್ಲ. ಹೊಸ ಬ್ಯಾಟರಿಗೆ ಹೇಳಿದ ರೇಟು ನೋಡಿದ್ರೆ ಗಾಡಿ ಕೊಂಡ ಬೆಲೆಯ ಅರ್ಧದ ಹತ್ತಿರ ಹೋಗುತ್ತೆ. "ಬ್ರೋ, ಹಾಕಿಸ್ಲಾ, ಇಲ್ಲ ಗುಜರಿಗೆ ಕೊಡ್ಲಾ?" ಅಂತ ಅವರ ಪ್ರಶ್ನೆ.

ನಾನು ಮೆಕ್ಯಾನಿಕ್ ಅಲ್ಲ, ಓದಿದ್ದು ಬಿಕಾಂ. ಈ ಪ್ರಶ್ನೆ ಕೇಳಿದ ತಕ್ಷಣ ನನ್ನ ತಲೆಗೆ ಬಂದಿದ್ದು ಸವಕಳಿ ಲೆಕ್ಕ. ಗಾಡಿ ಬೇರೆ, ಬ್ಯಾಟರಿ ಬೇರೆ ಅಂತ ಎರಡು ಆಸ್ತಿಗಳಾಗಿ ಬರೀಬೇಕಾ, ಒಂದೇ ಅಂತ ಬರೀಬೇಕಾ? ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು 20 ವರ್ಷಕ್ಕೂ ಹಿಂದಿನ, ಕ್ಯಾಲಿಫೋರ್ನಿಯಾದ ಒಂದು ಸ್ಪೋರ್ಟ್ಸ್ ಕಾರಿನ ಕತೆ. ಆ ಕಾರಿಗೂ ಬ್ಯಾಟರಿ ಬದಲಾಯಿಸಿದ್ರು. ಇವತ್ತು ನಮ್ಮ ರಸ್ತೆ ಮೇಲೆ ಓಡಾಡೋ ಎಲೆಕ್ಟ್ರಿಕ್ ಗಾಡಿಗಳ ವಂಶಾವಳಿ ತೆಗೆದ್ರೆ, ಆ ಬದಲಾವಣೆಯ ಹೆಸರು ಅದರಲ್ಲಿ ಬಂದೇ ಬರುತ್ತೆ.

ಕಾರಿನ ಹೆಸರು ಟೀ-ಝೀರೋ. ಲೆಕ್ಕದಲ್ಲಿ ಸಮಯದ ಎಣಿಕೆ ಶುರುವಾಗೋ ಕ್ಷಣಕ್ಕೆ 'ಟೀ ಸೊನ್ನೆ' ಅಂತ ಬರೀತಾರಲ್ಲ, ಅದೇ. ಮಾಡಿದ್ದು ಎಸಿ ಪ್ರೊಪಲ್ಷನ್ ಅನ್ನೋ ಪುಟ್ಟ ಕಂಪನಿ, ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಡೀಮಾಸ್ ಊರಿನದು. 1992ರಲ್ಲಿ ಶುರುವಾದ ಆ ಕಂಪನಿಯ ಮುಖ್ಯ ತಲೆ ಅಲನ್ ಕೊಕೋನಿ. ಈ ಮನುಷ್ಯನ ಬಗ್ಗೆ ಒಂದು ನಿಮಿಷ ಹೇಳ್ಲೇಬೇಕು, ಯಾಕಂದ್ರೆ ಇವರ ಹೆಸರು ಗೊತ್ತಿರೋರು ಕಡಿಮೆ.

1987ರಲ್ಲಿ ಆಸ್ಟ್ರೇಲಿಯಾದಲ್ಲಿ ಸೋಲಾರ್ ಕಾರುಗಳ ರೇಸ್ ಗೆದ್ದ ಜನರಲ್ ಮೋಟಾರ್ಸ್‌ನ 'ಸನ್‌ರೇಸರ್' ಇದೆಯಲ್ಲ, ಅದರ ಮೋಟರ್ ನಡೆಸೋ ಎಲೆಕ್ಟ್ರಾನಿಕ್ಸ್ ಕೊಕೋನಿದು. ಅದಾದ ಮೇಲೆ ಅದೇ ಕಂಪನಿ 1990ರಲ್ಲಿ 'ಇಂಪ್ಯಾಕ್ಟ್' ಅನ್ನೋ ಎಲೆಕ್ಟ್ರಿಕ್ ಕಾರು ತೋರಿಸ್ತು. ಅದರ ಇನ್ವರ್ಟರ್ ಕೂಡ ಇವರದೇ ಕೈಕೆಲಸ. ಇನ್ವರ್ಟರ್ ಅಂದ ಕೂಡಲೇ ನಮಗೆ ಕರೆಂಟ್ ಹೋದಾಗ ಫ್ಯಾನ್ ತಿರುಗಿಸೋ ಡಬ್ಬಿ ನೆನಪಾಗುತ್ತೆ. ಕೆಲಸ ಅದೇನೇ, ಬ್ಯಾಟರಿಯ ಡಿಸಿ ಕರೆಂಟನ್ನ ಎಸಿ ಮಾಡೋದು. ಮನೇಲಿ ಫ್ಯಾನ್ ತಿರುಗುತ್ತೆ, ಕಾರಲ್ಲಿ ಚಕ್ರ ತಿರುಗುತ್ತೆ. ಮುಂದೆ ಇಂಪ್ಯಾಕ್ಟ್ 'ಇವಿ1' ಆಗಿ ಬಾಡಿಗೆಗೆ ಬಂತು, ಆಮೇಲೆ ಕಂಪನಿಯೇ ಅವನ್ನ ವಾಪಸ್ ತಗೊಂಡು ಹೆಚ್ಚಿನವನ್ನ ಜಜ್ಜಿ ಹಾಕ್ತು. ಅದು ಬೇರೆಯೇ ಕಂತಿಗೆ ಆಗೋ ಕತೆ, ಇವತ್ತು ಬೇಡ.

ಕೊಕೋನಿ ಮತ್ತು ಸಂಗಡಿಗರು 1997ರಲ್ಲಿ ಟೀ-ಝೀರೋ ತೋರಿಸಿದ್ರು. ಬಾಡಿ ಇವರದಲ್ಲ, 'ಸ್ಪೋರ್ಟೆಕ್' ಅನ್ನೋ ಕಿಟ್ ಕಾರಿನದು. ಕಿಟ್ ಕಾರು ಅಂದ್ರೆ ಬಿಡಿ ಭಾಗ ತಂದು ಮನೇಲೇ ಜೋಡಿಸ್ಕೊಳ್ಳೋದು. ಆ ಫೈಬರ್‌ಗ್ಲಾಸ್ ಮೈಯೊಳಗೆ ಇವರು ತಮ್ಮ ಮೋಟರ್, ಇನ್ವರ್ಟರ್ ಕೂರಿಸಿ, 28 ಲೆಡ್ ಆಸಿಡ್ ಬ್ಯಾಟರಿ ತುಂಬಿದ್ರು. ಲೆಡ್ ಅಂದ್ರೆ ಸೀಸ. ನಮ್ಮ ಆಟೋ, ಟ್ರ್ಯಾಕ್ಟರ್, ಮನೆ ಇನ್ವರ್ಟರ್‌ಗಳಲ್ಲಿ ಇರೋ ಜಾತಿನೇ. ಒಂದೊಂದು 12 ವೋಲ್ಟ್. ಸಾಲಾಗಿ ಜೋಡಿಸಿದ್ರೆ 336 ವೋಲ್ಟ್. ಒಂದೊಂದರ ತೂಕ ಸುಮಾರು 20 ಕಿಲೋ ಅಂದ್ಕೊಂಡ್ರೂ ಒಟ್ಟು 500 ಕಿಲೋ ದಾಟುತ್ತೆ. ಏಳೆಂಟು ಜನ ದೊಡ್ಡವರನ್ನ ಯಾವಾಗ್ಲೂ ಕಾರಲ್ಲಿ ಕೂರಿಸ್ಕೊಂಡು ಓಡಾಡಿದ ಹಾಗೆ.

ಇಷ್ಟು ಭಾರ ಹೊತ್ಕೊಂಡೂ ಆ ಕಾರು ಸೊನ್ನೆಯಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ ನಾಲ್ಕು ಸೆಕೆಂಡ್ ಚಿಲ್ಲರೆಯಲ್ಲಿ ಹೋಗ್ತಿತ್ತು. ಡ್ರ್ಯಾಗ್ ರೇಸ್‌ನಲ್ಲಿ ಹೆಸರಾಂತ ಪೆಟ್ರೋಲ್ ಸ್ಪೋರ್ಟ್ಸ್ ಕಾರುಗಳನ್ನ ಹಿಂದೆ ಹಾಕಿತ್ತು. ತೊಂದರೆ ಇದ್ದಿದ್ದು ದೂರದ್ದು. ಒಂದು ಚಾರ್ಜ್‌ಗೆ 130ರಿಂದ 160 ಕಿ.ಮೀ., ಅಷ್ಟೇ. ಮೈಸೂರಿಗೆ ಹೋಗಬಹುದು, ವಾಪಸ್ ಬರೋಕಾಗಲ್ಲ ಅನ್ನೋ ಲೆಕ್ಕ. ಅದಕ್ಕೆ ಇವರು ಕಂಡ್ಕೊಂಡ ಉಪಾಯ ಕೇಳಿದ್ರೆ ನಗು ಬರುತ್ತೆ. ಪೆಟ್ರೋಲ್ ಜನರೇಟರ್ ಇರೋ ಒಂದು ಚಿಕ್ಕ ಟ್ರೇಲರ್ ಮಾಡಿ ಕಾರಿನ ಹಿಂದೆ ಕಟ್ಟಿದ್ರು. ದೂರ ಹೋಗೋವಾಗ ಎಲೆಕ್ಟ್ರಿಕ್ ಕಾರಿನ ಬಾಲಕ್ಕೆ ಜನರೇಟರ್! ಮದುವೆ ದಿಬ್ಬಣದ ಸೀರಿಯಲ್ ಲೈಟ್ ಗಾಡಿ ನೆನಪಾಗಲ್ವಾ?

ನನಗೆ ಇದು ತಮಾಷೆ ಅನ್ಸಿದ್ರೂ, ತಪ್ಪು ಅವರ ಜಾಣತನದಲ್ಲಿ ಇರಲಿಲ್ಲ. ಸೀಸ ಇರೋದೇ ಹಾಗೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಈ ಬ್ಯಾಟರಿ ಮಾಡಿದ್ದು 1859ರಲ್ಲಿ. ಸೀಸದ ಹಾಳೆ, ಗಂಧಕಾಮ್ಲ, ಚಾರ್ಜ್ ಮಾಡು, ಬಳಸು, ಮತ್ತೆ ಚಾರ್ಜ್ ಮಾಡು. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಜಗತ್ತಿನಲ್ಲೇ ಮೊದಲ ಬಾರಿಗೆ ಗಂಟೆಗೆ 100 ಕಿ.ಮೀ. ದಾಟಿದ್ದು ಇದೇ ಜಾತಿಯ ಬ್ಯಾಟರಿ ತುಂಬಿದ ಎಲೆಕ್ಟ್ರಿಕ್ ಕಾರಿನಲ್ಲಿ, ಪೆಟ್ರೋಲ್ ಕಾರಿನಲ್ಲಲ್ಲ. ಅದಾಗಿ ನೂರು ವರ್ಷ ಕಳೆದ ಮೇಲೂ ಟೀ-ಝೀರೋ ಹೊತ್ಕೊಂಡಿದ್ದು ಅದೇ ಸೀಸದ ಹೊರೆ.

ಕರೆಂಟ್ ಬಿಲ್‌ನ ಯೂನಿಟ್ ಲೆಕ್ಕದಲ್ಲಿ ಹೇಳ್ತೀನಿ. ಒಂದು ಯೂನಿಟ್ ಕರೆಂಟ್ ತುಂಬಿಡೋಕೆ ಸೀಸದ ಬ್ಯಾಟರಿ ಸುಮಾರು 25ರಿಂದ 30 ಕಿಲೋ ಬೇಕು, ಒಂದು ಮೂಟೆ ಅಕ್ಕಿಯಷ್ಟು. ಅದರ ಮೇಲೆ ಇನ್ನೊಂದು ಕಿರಿಕಿರಿ. ನಿಧಾನಕ್ಕೆ ತಗೊಂಡ್ರೆ ಪೂರ್ತಿ ಕೊಡುತ್ತೆ, ಜೋರಾಗಿ ಎಳೆದ್ರೆ ಅರ್ಧಕ್ಕೇ ಕೈ ಎತ್ತುತ್ತೆ. ಇದನ್ನ ಅಳೆದು ಸೂತ್ರ ಬರೆದವರು ಜರ್ಮನಿಯ ಪೊಯ್ಕರ್ಟ್, 1897ರಲ್ಲಿ. ಸ್ಪೋರ್ಟ್ಸ್ ಕಾರಿನ ಕೆಲಸನೇ ಜೋರಾಗಿ ಎಳೆಯೋದು. ಹಾಗಾಗಿ ಈ ಜೋಡಿ ಮೊದಲಿಂದಲೂ ಕೂಡಿ ಬಂದಿದ್ದಲ್ಲ.

ಈಗ ಕತೆಗೆ ಮಾರ್ಟಿನ್ ಎಬರ್‌ಹಾರ್ಡ್ ಬರ್ತಾರೆ. ಇವರು ಮತ್ತು ಗೆಳೆಯ ಮಾರ್ಕ್ ಟಾರ್ಪೆನಿಂಗ್ ಸೇರಿ ಒಂದು ಇ-ಬುಕ್ ಓದೋ ಯಂತ್ರ ಮಾಡಿದ್ರು, ರಾಕೆಟ್ ಇ-ಬುಕ್ ಅಂತ, 1998ರಲ್ಲಿ. ಕಿಂಡಲ್ ಬರೋಕೆ ಸುಮಾರು ಒಂಬತ್ತು ವರ್ಷ ಮುಂಚೆ. 2000ದಲ್ಲಿ ಕಂಪನಿ ಮಾರಿದ್ರು, ಕೈಯಲ್ಲಿ ದುಡ್ಡಿತ್ತು. ಎಬರ್‌ಹಾರ್ಡ್‌ಗೆ ಒಂದು ಸ್ಪೋರ್ಟ್ಸ್ ಕಾರು ಬೇಕಿತ್ತು, ಆದ್ರೆ ಪೆಟ್ರೋಲ್ ಸುಡೋಕೆ ಮನಸ್ಸಿರಲಿಲ್ಲ. ಹುಡುಕ್ತಾ ಹುಡುಕ್ತಾ ಸಿಕ್ಕಿದ್ದು ಟೀ-ಝೀರೋ.

ಇ-ಬುಕ್ ಮಾಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ, ಲಿಥಿಯಂ ಸೆಲ್. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಈ ಸೆಲ್‌ಗಳು ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲ ಕಡೆ ಹೊಕ್ಕಿದ್ವು. ವರ್ಷದಿಂದ ವರ್ಷಕ್ಕೆ ಅಗ್ಗ ಆಗ್ತಾ, ಸ್ವಲ್ಪ ಸ್ವಲ್ಪವೇ ಹೆಚ್ಚು ಕರೆಂಟ್ ಹಿಡೀತಾ ಬರ್ತಿದ್ವು. ಕೊಕೋನಿಗೂ ಇದು ಹೊಸದಲ್ಲ. ರಿಮೋಟ್‌ನಲ್ಲಿ ಹಾರಿಸೋ ಪುಟ್ಟ ವಿಮಾನಗಳ ಹುಚ್ಚು ಅವರಿಗೆ. 2005ರಲ್ಲಿ ಅವರು ಮಾಡಿದ 'ಸೋಲಾಂಗ್' ಅನ್ನೋ ಸೋಲಾರ್ ವಿಮಾನ ಇದೇ ಥರದ ಸೆಲ್‌ಗಳ ಬಲದಲ್ಲಿ 48 ಗಂಟೆ ಕೆಳಗಿಳಿಯದೆ ಹಾರಿತ್ತು.

ಎಬರ್‌ಹಾರ್ಡ್ ಎಸಿ ಪ್ರೊಪಲ್ಷನ್‌ಗೆ ದುಡ್ಡು ಕೊಟ್ಟು ಕೇಳಿದ್ದು ಇಷ್ಟೇ: ಕಾರು ಅದೇ ಇರಲಿ, ಸೀಸ ತೆಗೆದು ಲಿಥಿಯಂ ಹಾಕಿ.

ಹಾಕಿದ್ದು ದೊಡ್ಡ ದೊಡ್ಡ ಬ್ಯಾಟರಿ ಅಲ್ಲ, ಲ್ಯಾಪ್‌ಟಾಪ್ ಒಳಗೆ ಇರ್ತಿತ್ತಲ್ಲ, ಆ ಸೆಲ್. ಪೆನ್ಸಿಲ್ ಸೆಲ್‌ಗಿಂತ ಸ್ವಲ್ಪ ದಪ್ಪ. 18 ಮಿ.ಮೀ. ಅಗಲ, 65 ಮಿ.ಮೀ. ಉದ್ದ, ಅದಕ್ಕೇ ಹೆಸರು 18650. ಒಂದರ ತೂಕ ಸುಮಾರು 45 ಗ್ರಾಂ. ಅಂಥವು 6,800! ನೀವೇ ಗುಣಿಸಿ ನೋಡಿ, 306 ಕಿಲೋ. ಒಂದು ಯೂನಿಟ್‌ಗೆ ಮೂಟೆ ಬೇಕಿದ್ದ ಕಡೆ ಈಗ ಐದಾರು ಕಿಲೋ ಸಾಕು. ಕಾರಿನ ತೂಕ 200 ಕಿಲೋಗಿಂತ ಹೆಚ್ಚು ಇಳೀತು. ವೇಗ ಹಿಡಿಯೋ ಸಮಯ ನಾಲ್ಕು ಸೆಕೆಂಡ್‌ನಿಂದ ಸುಮಾರು 3.6ಕ್ಕೆ ಬಂತು. ದೂರ? 480 ಕಿ.ಮೀ. ಹತ್ತಿರ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗಿ ಊಟ ಮುಗಿಸಿ ಊರು ಸುತ್ತೋವಷ್ಟು. ಮೋಟರ್ ಅದೇ, ಮೈ ಅದೇ. ಬಾಲಕ್ಕೆ ಕಟ್ಟಿದ್ದ ಜನರೇಟರ್‌ಗೆ ಕೆಲಸ ಇಲ್ಲ.

2003ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲೇ ನಡೆದ ಮಿಷೆಲಿನ್ ಕಂಪನಿಯ ಸ್ಪರ್ಧೆಯಲ್ಲಿ ಈ ಕಾರು ದೊಡ್ಡ ದೊಡ್ಡ ಕಂಪನಿಗಳ ಎದುರು ನಿಂತು ಒಳ್ಳೇ ಅಂಕ ತಗೊಂಡು ಬಂತು. ಆದ್ರೆ ಎಸಿ ಪ್ರೊಪಲ್ಷನ್‌ನವರಿಗೆ ಸ್ಪೋರ್ಟ್ಸ್ ಕಾರು ಮಾಡಿ ಮಾರೋದ್ರಲ್ಲಿ ಆಸಕ್ತಿ ಇರಲಿಲ್ಲ. ಅವರ ಕಣ್ಣಿದ್ದಿದ್ದು ಟೊಯೊಟಾದ ಒಂದು ಡಬ್ಬಿ ಆಕಾರದ ಕಾರನ್ನ ಎಲೆಕ್ಟ್ರಿಕ್ ಮಾಡೋದ್ರ ಮೇಲೆ. ಟೀ-ಝೀರೋ ಒಟ್ಟು ಮಾಡಿದ್ದೇ ಮೂರು. ಜೆ.ಬಿ. ಸ್ಟ್ರಾಬೆಲ್ ಅನ್ನೋ ಯುವ ಎಂಜಿನಿಯರ್ ಹೇಳಿದ್ದಕ್ಕೆ ಈಲಾನ್ ಮಸ್ಕ್ ಕೂಡ ಹೋಗಿ ಓಡಿಸಿ ನೋಡಿ, ನನಗೊಂದು ಕೊಡಿ ಅಂದ್ರು. ಅವರಿಗೂ ಸಿಗ್ಲಿಲ್ಲ. ಅಲ್ಲೊಬ್ಬರು ಇದೇ ಕೇಳ್ತಿದ್ದಾರೆ, ಅವರ ಜೊತೆ ಮಾತಾಡಿ ಅಂತ ಎಬರ್‌ಹಾರ್ಡ್ ಕಡೆ ಕಳಿಸಿದ್ರು. ಎಬರ್‌ಹಾರ್ಡ್, ಟಾರ್ಪೆನಿಂಗ್ ಅಷ್ಟರಲ್ಲಿ, 2003ರ ಜುಲೈನಲ್ಲೇ, ಟೆಸ್ಲಾ ಮೋಟಾರ್ಸ್ ಅಂತ ಒಂದು ಕಂಪನಿ ನೋಂದಾಯಿಸಿದ್ರು. 2004ರ ಫೆಬ್ರವರಿಯಲ್ಲಿ ಮಸ್ಕ್ ದುಡ್ಡು ಹಾಕಿದ್ರು. ಮುಂದಿನದ್ದು ನಿಮಗೆ ಗೊತ್ತು.

ಇಲ್ಲಿ ಸ್ವಲ್ಪ ಬೆಂಗಳೂರಿಗೆ ಬರ್ತೀನಿ, ಕಾರಣ ಇದೆ. ಟೀ-ಝೀರೋ ಸೀಸ ಹೊತ್ಕೊಂಡು ಓಡ್ತಿದ್ದ ಕಾಲಕ್ಕೇ, ಅದೇ ದಕ್ಷಿಣ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಅನ್ನೋ ಕಂಪನಿ ನಮ್ಮ ಮೈನಿ ಗ್ರೂಪ್ ಜೊತೆ ಸೇರಿ ಒಂದು ಎಲೆಕ್ಟ್ರಿಕ್ ಕಾರು ರೂಪಿಸ್ತಿತ್ತು. ಅದೇ ರೇವಾ. 2001ರಲ್ಲಿ ಬೆಂಗಳೂರಿನ ರಸ್ತೆಗೆ ಬಂತು, ಬೊಮ್ಮಸಂದ್ರದಲ್ಲಿ ತಯಾರಾಯ್ತು. ಸ್ಪೋರ್ಟ್ಸ್ ಕಾರಿನ ದೂರದ ನೆಂಟನೂ ಅಲ್ಲ ಅದು, ಎರಡು ಬಾಗಿಲಿನ ಪುಟಾಣಿ. ಆದ್ರೆ ಹೊಟ್ಟೆಯಲ್ಲಿ ಅದೇ ಸೀಸ, 6 ವೋಲ್ಟ್‌ನ ಎಂಟು ಬ್ಯಾಟರಿ, ಒಟ್ಟು 48 ವೋಲ್ಟ್. ಒಂದು ಚಾರ್ಜ್‌ಗೆ 80 ಕಿ.ಮೀ. ಅಂತ ಲೆಕ್ಕ. ಆ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕ್ತಿರಬೇಕು, ಕೆಲವು ವರ್ಷಕ್ಕೊಮ್ಮೆ ಪೂರ್ತಿ ಸೆಟ್ ಬದಲಾಯಿಸಬೇಕು. ರೇವಾ ಇಟ್ಕೊಂಡಿದ್ದವರಿಗೆ ಬ್ಯಾಟರಿ ಬದಲಾಯಿಸೋ ಖರ್ಚು ಅನ್ನೋದು 20 ವರ್ಷ ಹಿಂದೆಯೇ ಗೊತ್ತಿದ್ದ ಸತ್ಯ, ನಮಗೆ ಸ್ಕೂಟರ್ ಬಂದ ಮೇಲೆ ಗೊತ್ತಾಗ್ತಿದೆ. ರೇವಾಗೂ ಲಿಥಿಯಂ ಬಂತು, 2009ರಲ್ಲಿ. ಟೀ-ಝೀರೋಗೆ ಹಾಕಿ ಆರು ವರ್ಷ ಆದ ಮೇಲೆ.

ಸರಿ, ಮತ್ತೆ ಅಮೆರಿಕಕ್ಕೆ. ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್. ಇಂಗ್ಲೆಂಡಿನ ಲೋಟಸ್ ಎಲೀಸ್ ಅನ್ನೋ ಸ್ಪೋರ್ಟ್ಸ್ ಕಾರಿನ ತಳಹದಿ, ಒಳಗೆ ಟೀ-ಝೀರೋ ಕಲಿಸಿದ ಪಾಠ. 2006ರ ಜುಲೈ 19ಕ್ಕೆ ತೋರಿಸಿದ್ರು. ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟ್‌ನಲ್ಲಿ ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿ ವಾಪಸ್ ಕರೀತು, ಬೆಂಕಿ ಹತ್ಕೊಳ್ಳುತ್ತೆ ಅಂತ. ಒಂದು ಲ್ಯಾಪ್‌ಟಾಪ್‌ನಲ್ಲಿ ಇರೋದು ಆರೋ ಒಂಬತ್ತೋ ಸೆಲ್. ಇವರು ಅದೇ ಥರದ್ದನ್ನ ಸಾವಿರಗಟ್ಟಲೆ ಜೋಡಿಸಿ ಜನರ ಬೆನ್ನ ಹಿಂದೆ ಇಡೋಕೆ ಹೊರಟಿದ್ರು! ಅವರಿಗೆ ಇದು ಮೊದಲೇ ಗೊತ್ತಿತ್ತು. ಒಂದಿಷ್ಟು ಸೆಲ್ ಕಟ್ಟು ಕಟ್ಟಿ, ಬೇಕಂತಲೇ ಬಿಸಿ ಮಾಡಿ ನೋಡಿದಾಗ ದೀಪಾವಳಿಯ ರಾಕೆಟ್ ಥರ ಹಾರಿದ್ವಂತೆ. ಆಮೇಲೆ ತಿಂಗಳುಗಟ್ಟಲೆ ಮಾಡಿದ ಕೆಲಸ, ಒಂದು ಸೆಲ್ ಸುಟ್ರೂ ಪಕ್ಕದ್ದು ಹತ್ತಿಕೊಳ್ಳದ ಹಾಗೆ ನೋಡ್ಕೊಳ್ಳೋದು. ಸೆಲ್‌ಗಳ ನಡುವೆ ತಂಪು ನೀರಿನ ಪೈಪ್ ಹಾಯಿಸಿದ್ದು ಹಾಗೆ.

ರೋಡ್‌ಸ್ಟರ್ ಬ್ಯಾಟರಿಯ ಒಳಗನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನಮ್ಮ ಸ್ಕೂಟರ್ ಮಿತ್ರರಿಗೆ ಬೇಕಾಗಿರೋದು ಇಲ್ಲೇ ಇದೆ. ಒಟ್ಟು ಸೆಲ್ 6,831. ಇದೇನಪ್ಪಾ ಈ ವಿಚಿತ್ರ ಸಂಖ್ಯೆ ಅಂದ್ರೆ, 69 ಸೆಲ್ ಒಟ್ಟಿಗೆ ಸೇರಿದ್ರೆ ಒಂದು 'ಇಟ್ಟಿಗೆ'. ಒಂಬತ್ತು ಇಟ್ಟಿಗೆ ಸೇರಿದ್ರೆ ಒಂದು 'ಶೀಟ್'. 11 ಶೀಟ್ ಸೇರಿದ್ರೆ ಬ್ಯಾಟರಿ. 69 ಗುಣಿಸು 9, ಗುಣಿಸು 11. ಇಟ್ಟಿಗೆಯೊಳಗಿನ 69 ಸೆಲ್ ಪ್ಯಾರಲಲ್, ಅಂದ್ರೆ ಪೈಪ್‌ನಿಂದ ಜೋಡಿಸಿದ ನೀರಿನ ಡ್ರಮ್‌ಗಳ ಹಾಗೆ. ಒಂದು ಡ್ರಮ್ ಚಿಕ್ಕದಾದ್ರೆ ಉಳಿದವು ತುಂಬಿಕೊಡ್ತವೆ. ಆದ್ರೆ ಆ 99 ಇಟ್ಟಿಗೆಗಳು ಒಂದರ ಹಿಂದೆ ಒಂದು, ಸೀರೀಸ್. ಗಣೇಶನ ಪೆಂಡಾಲ್‌ನ ಸೀರಿಯಲ್ ಸೆಟ್ ನೋಡಿದೀರಲ್ಲ, ಒಂದು ಬಲ್ಬ್ ಹೋದ್ರೆ ಸಾಲೇ ಆರುತ್ತೆ. ಇಲ್ಲೂ ಹಾಗೇ, 99ರಲ್ಲಿ ಅತಿ ದುರ್ಬಲವಾದ ಇಟ್ಟಿಗೆ ಎಷ್ಟು ಕೊಡುತ್ತೋ ಇಡೀ ಕಾರಿಗೆ ಅಷ್ಟೇ. ಉಳಿದ 98 ಚೆನ್ನಾಗಿದ್ರೂ ಡ್ಯಾಶ್‌ಬೋರ್ಡ್ ಹೇಳೋದು 'ಬ್ಯಾಟರಿ ಹೋಗಿದೆ' ಅಂತಲೇ.

2008ರಿಂದ 2012ರವರೆಗೆ ಸುಮಾರು 2,450 ರೋಡ್‌ಸ್ಟರ್ ಮಾರಾಟ ಆದ್ವು, ಒಂದೊಂದಕ್ಕೆ ಲಕ್ಷ ಡಾಲರ್ ಮೇಲೆ. 53 ಯೂನಿಟ್ ಬ್ಯಾಟರಿ, 393 ಕಿ.ಮೀ. ಕೊಳ್ಳೋವಾಗಲೇ ಹೆಚ್ಚಿಗೆ 12,000 ಡಾಲರ್ ಕಟ್ಟಿದ್ರೆ ಏಳು ವರ್ಷ ಆದ ಮೇಲೆ ಹೊಸ ಬ್ಯಾಟರಿ ಹಾಕಿಕೊಡ್ತೀವಿ ಅನ್ನೋ ಸ್ಕೀಮ್ ಕೂಡ ಇತ್ತು. ನಮ್ಮ ಅಕೌಂಟ್ಸ್ ಮೇಷ್ಟ್ರು ಕೇಳಿದ್ರೆ ಖುಷಿ ಪಡ್ತಿದ್ರು, ಇದು ಪಕ್ಕಾ ಸವಕಳಿ ನಿಧಿ. ಬ್ಯಾಟರಿ ಬೇರೆ ಆಸ್ತಿ ಅಂತ ಕಂಪನಿನೇ ಒಪ್ಪಿಕೊಂಡ ಹಾಗಾಯ್ತು.

ಆಮೇಲೆ 2012ರಲ್ಲಿ ಒಂದು ಗಲಾಟೆ. ಪ್ಲಗ್ ತೆಗೆದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲಿಸಿದ್ದ ಕೆಲವು ರೋಡ್‌ಸ್ಟರ್‌ಗಳ ಬ್ಯಾಟರಿ ಪೂರ್ತಿ ಇಳಿದು, ಮತ್ತೆ ಚಾರ್ಜ್ ಆಗದ ಸ್ಥಿತಿಗೆ ಹೋಗಿವೆ, ಬದಲಾಯಿಸೋಕೆ 40,000 ಡಾಲರ್ ಕೇಳ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಕಾರನ್ನ ಪ್ಲಗ್‌ಗೆ ಹಾಕಿಡಿ ಅಂತ ನಾವು ಹೇಳಿದ್ದೆವಲ್ಲ ಅಂತ ಕಂಪನಿಯ ಉತ್ತರ. ಲಿಥಿಯಂ ಬ್ಯಾಟರಿ ಸೊನ್ನೆಗೆ ಇಳಿದು ಹಾಗೇ ಬಿದ್ದಿದ್ರೆ ಸಾಯುತ್ತೆ ಅನ್ನೋದು ನಿಜ. ಊರಿಗೆ ಹೋಗೋವಾಗ ಸ್ಕೂಟರನ್ನ ಖಾಲಿ ಬ್ಯಾಟರಿಯಲ್ಲಿ ಬಿಟ್ಟು ಹೋಗೋರು ಇದನ್ನ ಇನ್ನೊಂದ್ಸಲ ಕೇಳಿ.

ಹಾಗಂತ ಎಲ್ಲ ಬ್ಯಾಟರಿಯೂ ಬೇಗ ಸತ್ತವು ಅಂತಲ್ಲ. 2013ರಲ್ಲಿ ಪ್ಲಗ್ ಇನ್ ಅಮೆರಿಕಾ ಅನ್ನೋ ಸಂಸ್ಥೆ ರೋಡ್‌ಸ್ಟರ್ ಮಾಲೀಕರಿಂದ ಲೆಕ್ಕ ತರಿಸಿ ನೋಡಿದಾಗ, ಲಕ್ಷ ಮೈಲಿ ಅಂದ್ರೆ 1,60,000 ಕಿ.ಮೀ. ಓಡಿದ ಮೇಲೂ ಸರಾಸರಿ 80ರಿಂದ 85 ಪ್ರತಿಶತ ಉಳಿದಿರುತ್ತೆ ಅಂತ ಅಂದಾಜು ಸಿಕ್ತು. ಸರಾಸರಿ ಅನ್ನೋದು ಬ್ಯಾಟರಿ ಸತ್ತವನ ಮನೆ ಮುಂದೆ ಹೇಳೋ ಮಾತಲ್ಲ, ಅದೂ ಸರಿ.

2014ರ ಡಿಸೆಂಬರ್‌ನಲ್ಲಿ ಟೆಸ್ಲಾ ಹಳೇ ರೋಡ್‌ಸ್ಟರ್‌ಗಳಿಗೆ ಹೊಸ ಬ್ಯಾಟರಿ ಕೊಡ್ತೀವಿ ಅಂದಿತು. ಮರು ವರ್ಷ ರೇಟು ಹೇಳ್ತು, 29,000 ಡಾಲರ್. ಆಗಿನ ಲೆಕ್ಕಕ್ಕೆ ಸುಮಾರು 19 ಲಕ್ಷ ರೂಪಾಯಿ. ಅದೇ ಜಾಗದಲ್ಲಿ 53ರ ಬದಲು ಸುಮಾರು 70 ಯೂನಿಟ್ ಹಿಡಿಯೋ ಬ್ಯಾಟರಿ. ಅಷ್ಟು ವರ್ಷದಲ್ಲಿ ಸೆಲ್‌ಗಳು ಅಷ್ಟು ಮುಂದೆ ಹೋಗಿದ್ವು. ಟೀ-ಝೀರೋಗೆ ಆಗಿದ್ದೇ ಅದರ ಮಗುವಿಗೂ ಆಯ್ತು ನೋಡಿ. ಏಳು ವರ್ಷದ ಹಳೇ ಕಾರು, ಹೊಸದಾಗಿದ್ದಾಗ ಹೋಗ್ತಿದ್ದಕ್ಕಿಂತ ದೂರ ಹೋಗೋದು. ಪೆಟ್ರೋಲ್ ಕಾರಿಗೆ ಹೊಸ ಟ್ಯಾಂಕ್ ಹಾಕಿಸಿದ್ರೆ ಹೀಗಾಗಲ್ಲ.

ಅಷ್ಟು ದುಡ್ಡು ಕೊಡೋಕಾಗದವರು ಏನ್ ಮಾಡಿದ್ರು? ಅಮೆರಿಕದಲ್ಲಿ ಕೆಲವು ಸ್ವತಂತ್ರ ಗ್ಯಾರೇಜ್‌ಗಳು ರೋಡ್‌ಸ್ಟರ್ ಬ್ಯಾಟರಿ ಬಿಚ್ಚಿ, 11 ಶೀಟ್‌ಗಳನ್ನ ಒಂದೊಂದಾಗಿ ಅಳೆದು, ಕೆಟ್ಟಿದ್ದನ್ನ ಮಾತ್ರ ರಿಪೇರಿ ಮಾಡೋದನ್ನ ಕಲಿತವು. ನನ್ನ ಪ್ರಕಾರ ಇದು ಈ ಕತೆಯ ತುಂಬ ಮುಖ್ಯವಾದ ಭಾಗ, ಮಸ್ಕ್ ತನ್ನ ಕೆಂಪು ರೋಡ್‌ಸ್ಟರನ್ನ 2018ರಲ್ಲಿ ರಾಕೆಟ್‌ಗೆ ಕಟ್ಟಿ ಸೂರ್ಯನ ಸುತ್ತ ಬಿಟ್ಟಿದ್ದಕ್ಕಿಂತ ಮುಖ್ಯ. ಆದ್ರೆ ಸುದ್ದಿಯಾಗಿದ್ದು ಅದು.

ಹಾಗಾಗಿ ಸ್ಕೂಟರ್ ಮಿತ್ರರಿಗೆ ನಾನು ಕಳಿಸಿದ ಉತ್ತರ ಇದು. ಗುಜರಿ ಅಂಗಡಿಗೆ ಹೋಗೋ ಮುಂಚೆ, ಲಿಥಿಯಂ ಪ್ಯಾಕ್ ಕೆಲಸ ಗೊತ್ತಿರೋ ಒಬ್ಬರ ಹತ್ರ ತಗೊಂಡು ಹೋಗಿ. 'ಬ್ಯಾಟರಿ ಹೋಗಿದೆ' ಅನ್ನೋದು ಉತ್ತರ ಅಲ್ಲ, ಸಾಲಿನಲ್ಲಿ ಯಾವ ಗುಂಪು ಹೋಗಿದೆ, ಪ್ರತಿ ಗುಂಪಿನ ವೋಲ್ಟೇಜ್ ಎಷ್ಟು ಅಂತ ಬರೆಸ್ಕೊಳ್ಳಿ. ಎಲ್ಲವೂ ಸಮಾನವಾಗಿ ಸವೆದಿದ್ರೆ ರಿಪೇರಿಗೆ ದುಡ್ಡು ಹಾಕಬೇಡಿ. ಒಂದೆರಡು ಮಾತ್ರ ಬಿದ್ದಿದ್ರೆ ಲೆಕ್ಕವೇ ಬೇರೆ. ದಯವಿಟ್ಟು ಮನೇಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ನೀವೇ ಬಿಚ್ಚೋಕೆ ಹೋಗಬೇಡಿ, ರಾಕೆಟ್ ಕತೆ ನೆನಪಿರಲಿ.

ನಿನ್ನೆ ರಾತ್ರಿ ಅವರ ಮೆಸೇಜ್ ಬಂತು. ಅಳೆಸಿದ್ದಾರೆ. 13 ಗುಂಪಿನಲ್ಲಿ 12 ಚೆನ್ನಾಗಿವೆ, ಒಂದು ಮಲಗಿದೆ. ಶನಿವಾರ ಗಾಡಿ ಬಿಡ್ತಾರಂತೆ.